ಪೈಥಾನ್‌ನಲ್ಲಿ ಪಟ್ಟಿಯನ್ನು ಗುಣಿಸಿದರೆ ಬೇರೆ ಬೇರೆ ಪಟ್ಟಿಗಳು ಸಿಗುತ್ತವೆಯೇ?

ಹೇಳಿಕೆ ಏನು?

ಪೈಥಾನ್ ಕಲಿಯುವವರ ನಡುವೆ ಒಂದು ಸುಲಭ ಉಪಾಯ ಓಡಾಡುತ್ತಿರುತ್ತದೆ. ಪಟ್ಟಿಯೊಳಗೆ ಪಟ್ಟಿ, ಅಂದರೆ ನೆಸ್ಟೆಡ್ ಲಿಸ್ಟ್ ಬೇಕಿದ್ದರೆ ಒಂದು ಸಾಲು ಬರೆದು ಗುಣಿಸಿದರೆ ಸಾಕು, ಇಡೀ ಕೋಷ್ಟಕ ಸಿದ್ಧ ಎನ್ನುವುದು ಅದರ ಸಾರ. ಸಂವಹನ ಓದಿ, ಆಮೇಲೆ ಸಮೀಕ್ಷೆಯ ಲೆಕ್ಕಕ್ಕಾಗಿ ಪೈಥಾನ್ ಕಲಿತ ನಾವೂ ಇದನ್ನು ನಂಬಿದ್ದೆವು. ಒಂದು ಊರಿನ ಸಂಖ್ಯೆ ತುಂಬಿದರೆ ಎಲ್ಲ ಊರುಗಳಲ್ಲೂ ಅದೇ ಸಂಖ್ಯೆ ಕಂಡಾಗ ಪ್ರೋಗ್ರಾಮಿಂಗ್ ನಮಗಲ್ಲ ಎಂದುಕೊಂಡದ್ದೂ ಉಂಟು.

ಬರೆದು ನೋಡೋಣ

2 ವಿದ್ಯಾರ್ಥಿಗಳು, 3 ವಿಷಯಗಳು ಎಂದುಕೊಳ್ಳಿ. ಪೈಥಾನ್ 3ರಲ್ಲಿ ಚರಾಕ್ಷರಗಳ ಹೆಸರನ್ನು ಕನ್ನಡದಲ್ಲೇ ಇಡಬಹುದು. ಹಾಗಾಗಿ ಈ ಸಾಲುಗಳು ಇದ್ದಂತೆಯೇ ಓಡುತ್ತವೆ:

ಅಂಕ = [[0] * 3] * 2
ಅಂಕ[0][1] = 45

ಎಣಿಕೆ 0ಯಿಂದ ಶುರುವಾಗುವುದರಿಂದ, ಎರಡನೇ ಸಾಲಿನ ಅರ್ಥ ಮೊದಲ ವಿದ್ಯಾರ್ಥಿಯ ಎರಡನೇ ವಿಷಯಕ್ಕೆ 45 ಅಂಕ ಎಂದು. ಆದರೆ ಅಂಕ ಈಗ ಹೀಗಿರುತ್ತದೆ:

[[0, 45, 0], [0, 45, 0]]

ಪರೀಕ್ಷೆಯನ್ನೇ ಬರೆಯದ ಎರಡನೇ ವಿದ್ಯಾರ್ಥಿಗೂ 45 ಬಂತು! ಯಾವ ಎರರ್ ಸಂದೇಶವೂ ಬರಲಿಲ್ಲ. ಅಪಾಯ ಇರುವುದೇ ಇಲ್ಲಿ. ಪ್ರೋಗ್ರಾಂ ನಿಲ್ಲುವುದಿಲ್ಲ, ಉತ್ತರ ಮಾತ್ರ ತಪ್ಪಿರುತ್ತದೆ.

ಹೀಗೇಕೆ ಆಗುತ್ತದೆ?

ಮೊಬೈಲ್ ಉದಾಹರಣೆ ತೆಗೆದುಕೊಳ್ಳೋಣ. ಆನ್‌ಲೈನ್ ಶೀಟ್ ಒಂದರ ಲಿಂಕನ್ನು ನೀವು ಎರಡು ಗುಂಪುಗಳಿಗೆ ಫಾರ್ವರ್ಡ್ ಮಾಡಿದ್ದೀರಿ. ಲಿಂಕ್ ಎರಡು ಕಡೆ ಇದ್ದರೂ ಶೀಟ್ ಒಂದೇ. ಒಂದು ಗುಂಪಿನವರು ತಿದ್ದಿದರೆ ಇನ್ನೊಂದು ಗುಂಪಿನವರಿಗೂ ತಿದ್ದಿದ್ದೇ ಕಾಣುತ್ತದೆ. ಹೊರಗಿನ ಪಟ್ಟಿಯನ್ನು 2ರಿಂದ ಗುಣಿಸಿದಾಗ ಪೈಥಾನ್ ಒಳಗಿನ ಪಟ್ಟಿಯನ್ನು ಹೊಸದಾಗಿ ಮಾಡುವುದಿಲ್ಲ. ಅದೇ ಪಟ್ಟಿಯ ‘ಲಿಂಕ್’ ಅನ್ನು ಎರಡು ಸಲ ಇಡುತ್ತದೆ.

ಹಾಗಾದರೆ [0] * 3 ತೊಂದರೆ ಕೊಡುವುದಿಲ್ಲವೇ? ಇಲ್ಲ. ಸಂಖ್ಯೆಯನ್ನು ಒಳಗಿಂದ ತಿದ್ದಲು ಬರುವುದಿಲ್ಲ, ಆ ಜಾಗದಲ್ಲಿ ಬೇರೆ ಸಂಖ್ಯೆ ಇಡಬಹುದು ಅಷ್ಟೆ. ಪಟ್ಟಿಯಾದರೋ ಇದ್ದಲ್ಲಿಯೇ ಬದಲಾಗುತ್ತದೆ.

ನಕಲು ಮಾಡಿದರೂ ಇದೇ ಕತೆ

ಮೂಲ ಹಾಳಾಗದಿರಲಿ ಎಂದು ಹಲವರು ಹೀಗೆ ನಕಲು ಮಾಡುತ್ತಾರೆ:

ನಕಲು = ಅಂಕ[:]

ಇದರಿಂದ ಹೊರಗಿನ ಪಟ್ಟಿ ಮಾತ್ರ ಹೊಸದಾಗುತ್ತದೆ. ನಕಲು[0] = [9, 9, 9] ಎಂದು ಇಡೀ ಸಾಲನ್ನೇ ಬದಲಿಸಿದರೆ ಮೂಲಕ್ಕೆ ಏನೂ ಆಗುವುದಿಲ್ಲ. ಹಾಗೆ ಬದಲಿಸದೆ ನಕಲು[0][0] = 9 ಎಂದು ಒಳಗೆ ಕೈ ಹಾಕಿದರೆ ಮೂಲವೂ ಬದಲಾಗುತ್ತದೆ. ಇದಕ್ಕೆ ಶ್ಯಾಲೋ ಕಾಪಿ, ಅಂದರೆ ಮೇಲುಮೇಲಿನ ನಕಲು ಎನ್ನುತ್ತಾರೆ.

ಸರಿಯಾದ ದಾರಿ

ಪ್ರತಿ ಸಾಲನ್ನೂ ಬೇರೆಯಾಗಿ ಸೃಷ್ಟಿಸಿ:

ಅಂಕ = [[0] * 3, [0] * 3]

ಸಾಲುಗಳು ಹೆಚ್ಚಿದ್ದರೆ ಫಾರ್ ಲೂಪ್‌ನ ಒಳಗೆ ಪ್ರತಿ ಸುತ್ತಿನಲ್ಲೂ ಹೊಸ ಪಟ್ಟಿ ಮಾಡಿ ಸೇರಿಸಿ. ಈಗಾಗಲೇ ಸರಿಯಾಗಿರುವ ಕೋಷ್ಟಕದ ಪೂರ್ತಿ ನಕಲು ಬೇಕಿದ್ದರೆ, ಪೈಥಾನ್ ಜೊತೆಗೇ ಬರುವ ಕಾಪಿ ಮಾಡ್ಯೂಲಿನಲ್ಲಿ ಡೀಪ್‌ಕಾಪಿ ಇದೆ. ಗುಣಿಸಿ ಮಾಡಿದ ಕೋಷ್ಟಕವನ್ನು ಅದು ಸರಿಪಡಿಸುವುದಿಲ್ಲ. ಒಂದೇ ಪಟ್ಟಿ ಎರಡು ಕಡೆ ಇದ್ದರೆ ನಕಲಿನಲ್ಲೂ ಹಾಗೆಯೇ ಇರುತ್ತದೆ.

ಅನುಮಾನ ಬಂದರೆ ಐಡಿ ಫಂಕ್ಷನ್‌ಗೆ ಅಂಕ[0] ಮತ್ತು ಅಂಕ[1] ಕೊಟ್ಟು ನೋಡಿ. ಎರಡಕ್ಕೂ ಒಂದೇ ಸಂಖ್ಯೆ ಬಂದರೆ ಅದು ಒಂದೇ ಪಟ್ಟಿ.

ಹಾಗಾದರೆ ಸತ್ಯ ಏನು?

ಗುಣಿಸಿದರೆ ಬೇರೆ ಬೇರೆ ಪಟ್ಟಿಗಳು ಸಿಗುತ್ತವೆ ಎಂಬುದು ತಪ್ಪು. ಸಂಖ್ಯೆಗಳ ಸರಳ ಪಟ್ಟಿಗೆ ಈ ಉಪಾಯ ಸರಿ, ಪಟ್ಟಿಯೊಳಗಿನ ಪಟ್ಟಿಗೆ ಸಲ್ಲದು. ನಿಮ್ಮ ಕೋಷ್ಟಕವೂ ಹೀಗೆ ಆಡಿದ್ದರೆ ಬೇಸರ ಬೇಡ. ಕಂಪ್ಯೂಟರ್ ಕೆಟ್ಟಿಲ್ಲ, ನೀವು ದಡ್ಡರೂ ಅಲ್ಲ. ಮುಂದಿನ ಸಲ ಈ ಉಪಾಯ ಫಾರ್ವರ್ಡ್ ಆಗಿ ಬಂದರೆ, ಒಂದು ಅಂಕ ತುಂಬಿ ನೋಡಿ, ಆಮೇಲೆ ಮುಂದಕ್ಕೆ ಕಳಿಸಿ.