ಶಾಲೆಯ ಹಾದಿಯ ಮೇಲೊಂದು ಕಣ್ಣಿರಲಿ

2018ರ ನವೆಂಬರ್ 24, ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದ ಖಾಸಗಿ ಬಸ್ಸೊಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಅಸುನೀಗಿದರು. ಗದ್ದೆಗೆ ನೀರುಣಿಸುವ ನಾಲೆಯೇ ಅಂದು ಮೃತ್ಯುವಾಯಿತು. ನಾಲೆಯ ಏರಿಗೆ ತಡೆಗೋಡೆ ಬೇಕೆಂಬ ಕೂಗು ಆಗಲೇ ಎದ್ದಿತ್ತು. ಐದು ವರ್ಷಗಳ ತರುವಾಯ, 2023ರ ನವೆಂಬರಿನಲ್ಲಿ, ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ಅದೇ ನಾಲೆಗೆ ಬಿದ್ದು ಐವರು ಮಡಿದರು.

ನಾಲೆಯೊಂದೇ ಭಯವಲ್ಲ. ಶ್ರೀರಂಗಪಟ್ಟಣದ ಕಡೆಯ ಮಕ್ಕಳಿಗೆ ಹೆದ್ದಾರಿಯ ವಾಹನಗಳ ಅಂಜಿಕೆ. ನಾಗಮಂಗಲ, ಕೃಷ್ಣರಾಜಪೇಟೆಗಳ ಒಳಹಳ್ಳಿಗಳಿಂದ ನಡೆದು ಬರುವ ಹೆಣ್ಣುಮಗಳಿಗೆ ದಾರಿ ಕಾಯುವ ಪುಂಡರ ಅಂಜಿಕೆ. 2023ರ ಜೂನ್ ತಿಂಗಳಿಂದ ಸರ್ಕಾರಿ ಬಸ್ಸಿನಲ್ಲಿ ಆಕೆಗೆ ಟಿಕೆಟಿನ ಹಣವಿಲ್ಲ, ನಿಜ. ಬಸ್ಸು ನಿಲ್ಲುವಲ್ಲಿಯವರೆಗಿನ ಒಂಟಿ ದಾರಿಯನ್ನು ಮಾತ್ರ ಆಕೆಯೇ ಸವೆಸಬೇಕು. ಮನೆಯಲ್ಲಿ ಹೇಳಿದರೆ ಶಾಲೆಯನ್ನೇ ಬಿಡಿಸಿಯಾರೆಂದು ಬಾಯಿ ಬಿಡುವುದೂ ಇಲ್ಲ. ತಪ್ಪು ಪುಂಡನದು, ಶಿಕ್ಷೆ ಮಗಳಿಗೆ! ಈ ಮಾತು ನಮ್ಮ ಮನೆಗಳಿಗೂ ಸಲ್ಲುತ್ತದೆಯೆಂದು ಸಂಕೋಚದಿಂದಲೇ ಬರೆಯುತ್ತಿದ್ದೇವೆ.

ಹೇಳಿಕೊಳ್ಳಲು ಸ್ಥಳಗಳಿವೆ. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಇಂತಹ ದೂರುಗಳನ್ನು ಸ್ವೀಕರಿಸುತ್ತದೆ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ದೀಪವಿಲ್ಲದ ತಿರುವು, ತಡೆಗೋಡೆಯಿಲ್ಲದ ಏರಿ, ಸಂಜೆ ಬಾರದ ಬಸ್ಸು, ಇವನ್ನೆಲ್ಲ ಮಕ್ಕಳೇ ಎದ್ದು ನಿಂತು ಕೇಳಬಹುದು. ಅಂದು ಹಿರಿಯರೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಆಲಿಸಬೇಕೆಂದು ಶರಣ ಬಂಧುಗಳಲ್ಲಿ ನಮ್ಮ ಅರಿಕೆ. ಅದಕ್ಕೂ ಮೊದಲು ಒಂದು ದಿನ ಮಗುವಿನ ಜೊತೆ ಶಾಲೆಯವರೆಗೆ ಹೋಗಿ ಬರಲಿ. ಮೋಟಾರು ಸೈಕಲ್ಲಿನಲ್ಲಲ್ಲ, ನಡೆದು.