ಅಟ್ಟದ ಪೆಟ್ಟಿಗೆಯ ಅಂಚೆಚೀಟಿ

ವಿದ್ಯಾನಗರದ ನಮ್ಮ ಮನೆಯ ಅಟ್ಟದಲ್ಲಿ ಅತ್ತೆಯವರ ಹಳೆಯ ತಗಡಿನ ಪೆಟ್ಟಿಗೆಯೊಂದಿದೆ. 1968ರಲ್ಲಿ ಓದಲು ಅಮೆರಿಕಕ್ಕೆ ಹೋದ ಅವರ ಅಣ್ಣ ಬರೆದ ಪತ್ರಗಳು ಅದರಲ್ಲಿವೆ. ಅಣ್ಣ ಈಗಿಲ್ಲ. ಕಳೆದ ರಜೆಯಲ್ಲಿ ನನ್ನ ಮಗಳು ಅಂಚೆಚೀಟಿ ಸಂಗ್ರಹಿಸುವ ಹುರುಪಿನಲ್ಲಿ ಒಂದು ಲಕೋಟೆಯ ಚೀಟಿಯನ್ನು ಕಿತ್ತಳು. ಚೀಟಿಯ ಮೂಲೆ ಹರಿಯಿತು, ತಾರೀಖಿನ ಮುದ್ರೆ ಇಬ್ಭಾಗವಾಯಿತು. ಅತ್ತೆ ಬೈಯಲಿಲ್ಲ. "ಭಾಯಿಜಾನ್ ಕಾಗದದಾಗ ತಾರೀಖು ಬರೀತಿರಲಿಲ್ಲ. ಇದು ಯಾವಾಗ ಬಂದದ್ದಂತ ಇನ್ನ ಹ್ಯಾಂಗ ತಿಳೀಬೇಕು ಬೇಟಿ?" ಎಂದಷ್ಟೇ ಕೇಳಿದರು.

ಆ ಮಾತು ನನ್ನನ್ನೂ ಚುಚ್ಚಿತು. ಚೀಟಿಗಳ ಬಗ್ಗೆ ನಾನೂ ಮಗಳೂ ಕೂಡಿ ಓದತೊಡಗಿದೆವು.

ವಿಶೇಷ ಸಂದರ್ಭಕ್ಕೆ ಬರುವ ಸ್ಮಾರಕ ಚೀಟಿಗಳು ಬೇರೆ. ವರ್ಷಗಟ್ಟಲೆ ಅಚ್ಚಾಗುತ್ತಾ ದಿನಬಳಕೆಗೆ ಬರುವ ಚೀಟಿಗಳಿಗೆ 'ಡೆಫಿನಿಟಿವ್' ಎನ್ನುತ್ತಾರೆ. ನಮ್ಮಲ್ಲಿ 1949ರ ಇಂಥದೇ ಸರಣಿಯ ಆರಾಣೆ ಚೀಟಿಯಲ್ಲಿ ಬಿಜಾಪುರದ ಗೋಲಗುಮ್ಮಟವಿತ್ತು. ಅಮೆರಿಕದ 1938ರ ಸರಣಿಯಲ್ಲಿ 1 ಸೆಂಟ್‌ಗೆ ಮೊದಲ ಅಧ್ಯಕ್ಷ ವಾಷಿಂಗ್ಟನ್, 16 ಸೆಂಟ್‌ಗೆ ಹದಿನಾರನೆಯ ಅಧ್ಯಕ್ಷ ಲಿಂಕನ್! 1974ರ 18 ಸೆಂಟ್ ಚೀಟಿಯಲ್ಲಿ ಆ ದೇಶದಲ್ಲಿ ವೈದ್ಯ ಪದವಿ ಪಡೆದ ಮೊದಲ ಮಹಿಳೆ ಎಲಿಜಬೆತ್ ಬ್ಲ್ಯಾಕ್‌ವೆಲ್ ಇದ್ದಾರೆ.

ಮಗಳು ಹರಿದದ್ದು 1967ರಲ್ಲಿ ಬಂದ 25 ಸೆಂಟ್ ಚೀಟಿ. ಅದರಲ್ಲಿರುವವರು ಗುಲಾಮರಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಸ್. ಯಜಮಾನಿ ಅಕ್ಷರ ಕಲಿಸತೊಡಗಿದಾಗ ಯಜಮಾನ ತಡೆದ. ಹುಡುಗ ಬೀದಿಯ ಮಕ್ಕಳಿಗೆ ರೊಟ್ಟಿ ಕೊಟ್ಟು ಓದು ಕಲಿತ. 1838ರಲ್ಲಿ ತಪ್ಪಿಸಿಕೊಂಡು, 1845ರಲ್ಲಿ ಆತ್ಮಕಥೆ ಪ್ರಕಟಿಸಿದ. ಮಕ್ಕಳಿಗೆ ಅಕ್ಷರ ಕಲಿಸುವ ನನಗೆ ಆ ಪುಟ್ಟ ಚೀಟಿ ದೊಡ್ಡ ಪಾಠವಾಯಿತು.

ಸಹೋದರಿಯರೇ, ಹಳೆಯ ಚೀಟಿಯೆಂದರೆ ಲಕ್ಷಾಂತರ ರೂಪಾಯಿ ಎಂಬ ಮಾತಿಗೆ ಮರುಳಾಗಬೇಡಿ. ದಿನಬಳಕೆಯ ಚೀಟಿಗಳು ಕೋಟಿಗಟ್ಟಲೆ ಅಚ್ಚಾದವು. ಹೆಚ್ಚಿನವುಗಳ ಬೆಲೆ ಅಲ್ಪ. 1908ರಿಂದ 1922ರವರೆಗಿನ ವಾಷಿಂಗ್ಟನ್-ಫ್ರಾಂಕ್ಲಿನ್ ಚೀಟಿಗಳಲ್ಲಿ ಕೆಲವು ಅಪರೂಪ. ಆದರೆ ಅಂಚಿನ ಹಲ್ಲು, ಕಾಗದದ ನೀರಚ್ಚು ನೋಡಿಯೇ ಅವನ್ನು ಗುರುತಿಸಬೇಕು. ಹಲ್ಲು ಕತ್ತರಿಸಿ ಮೋಸ ಮಾಡುವವರೂ ಇದ್ದಾರೆ.

ಮುದ್ರೆ ಸ್ಪಷ್ಟವಾಗಿದ್ದರೆ ಲಕೋಟೆಯನ್ನು ಇಡಿಯಾಗಿಯೇ ಉಳಿಸಿ. ಬಿಡಿಸಲೇಬೇಕಾದರೆ ಸುತ್ತಲಿನ ಕಾಗದ ಸಮೇತ ಕತ್ತರಿಸಿ ನೀರಿನಲ್ಲಿ ತೇಲಿಬಿಡಿ. ತಾನಾಗಿ ಸಡಿಲವಾದ ಮೇಲೆ ಒಣಗಿಸಿ. ಗೋಂದು ಮಾತ್ರ ಬೇಡ.

ಈಗ ರಾತ್ರಿ ಊಟವಾದ ಮೇಲೆ ಅತ್ತೆ ಒಂದೊಂದೇ ಪತ್ರ ಬಿಚ್ಚುತ್ತಾರೆ. ಮಗಳು ಮುದ್ರೆಯ ತಾರೀಖು, ದಾದಿಯ ನೆನಪು ಎರಡನ್ನೂ ಬರೆದಿಡುತ್ತಾಳೆ. ಹರಿದ ಚೀಟಿಗೆ ತಾರೀಖಿಲ್ಲ. ಅದರ ಮುಂದೆ ದಾದಿಯ ನೆನಪು ಮಾತ್ರ ಇದೆ. ನಿಮ್ಮ ಮನೆಯ ಪೆಟ್ಟಿಗೆಯನ್ನೂ ರದ್ದಿಗೆ ಹಾಕುವ ಮುನ್ನ ಒಮ್ಮೆ, ಹಿರಿಯರ ಪಕ್ಕ ಕುಳಿತು, ತೆರೆದು ನೋಡಿ.