ಅಂಬಾಸಿಡರ್ ಕಾರಿನ ಗಿಯರು ಪೆಟ್ಟಿಗೆ

ನೂಲುವ ರಾಟೆಯ ದೊಡ್ಡ ಚಕ್ರವು ಒಂದು ಸುತ್ತು ತಿರುಗುವಷ್ಟರಲ್ಲಿ ಅದರ ಕದಿರು ಹತ್ತಾರು ಸುತ್ತು ತಿರುಗಿರುತ್ತದೆ. ಆದರೆ ಅಷ್ಟು ವೇಗವಾಗಿ ತಿರುಗುವ ಕದಿರನ್ನು ಬೆರಳ ತುದಿಯಿಂದಲೇ ತಡೆದು ನಿಲ್ಲಿಸಬಹುದು. ಇಲ್ಲಿ ವೇಗವು ಹೆಚ್ಚಿತು, ಬಲವು ಕುಗ್ಗಿತು. ಹಾರೆಯಿಂದ ಬಂಡೆಯನ್ನು ಮೀಟುವಾಗ ನಡೆಯುವುದು ಇದಕ್ಕೆ ವಿರುದ್ಧವಾದುದು. ಮೀಟುವವನ ಕೈ ಒಂದು ಮೊಳ ಇಳಿದರೆ ಬಂಡೆಯು ಮೇಲೇಳುವುದು ಒಂದೆರಡು ಅಂಗುಲ ಮಾತ್ರ. ದೂರವನ್ನು ಕೊಟ್ಟು ಬಲವನ್ನು ಕೊಂಡಂತಾಯಿತು. ಪ್ರಕೃತಿಯ ಅಂಗಡಿಯಲ್ಲಿ ಬಲವಾಗಲಿ ವೇಗವಾಗಲಿ ಬಿಟ್ಟಿಯಾಗಿ ದೊರೆಯುವುದಿಲ್ಲ. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ತೆರಬೇಕು. ಮೋಟಾರು ಕಾರಿನ ಗಿಯರು ಪೆಟ್ಟಿಗೆಯು ಈ ವಿನಿಮಯವನ್ನು ನಡೆಸುವ ಯಂತ್ರ.

ಈ ಪೆಟ್ಟಿಗೆ ಕಾರಿಗೆ ಏಕೆ ಬೇಕು? ಪೆಟ್ರೋಲ್ ಅಥವಾ ಡೀಸೆಲ್ ಎಂಜಿನು ನಿಂತ ಸ್ಥಿತಿಯಲ್ಲಿ ಬಲವನ್ನು ಕೊಡಲಾರದು. ಅದು ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತಿದ್ದರೆ ಮಾತ್ರ ಉಸಿರಾಡುತ್ತದೆ. ಸಾವಿರಾರು ಸುತ್ತು ತಿರುಗಿದಾಗ ಪೂರ್ಣ ಶಕ್ತಿಯನ್ನು ತೋರುತ್ತದೆ. ನಿಂತ ಕಾರಿನ ಗಾಲಿಗಳಿಗೆ ಅದನ್ನು ನೇರವಾಗಿ ಜೋಡಿಸಿದರೆ ಎಂಜಿನು ಮುಗ್ಗರಿಸಿ ನಿಲ್ಲುತ್ತದೆ. ಹದಿನೈದು ಹಲ್ಲುಗಳ ಚಿಕ್ಕ ಚಕ್ರವೊಂದು ನಲವತ್ತೈದು ಹಲ್ಲುಗಳ ದೊಡ್ಡ ಚಕ್ರವನ್ನು ತಿರುಗಿಸುತ್ತದೆಂದು ಭಾವಿಸಿರಿ. ಚಿಕ್ಕದು ಮೂರು ಸುತ್ತು ತಿರುಗಿದಾಗ ದೊಡ್ಡದು ಒಂದು ಸುತ್ತು ತಿರುಗುತ್ತದೆ. ವೇಗವು ಮೂರರಲ್ಲಿ ಒಂದು ಪಾಲಾದರೂ, ಘರ್ಷಣೆಯಿಂದಾಗುವ ಅಲ್ಪ ನಷ್ಟವನ್ನು ಬಿಟ್ಟರೆ, ತಿರುಗಿಸುವ ಬಲವು ಮೂರು ಪಟ್ಟಾಗುತ್ತದೆ. ಮೊದಲನೆಯ ಗಿಯರಿನ ಗುಟ್ಟು ಇದೇ. ಎರಡನೆಯದರಲ್ಲಿಯೂ ಮೂರನೆಯದರಲ್ಲಿಯೂ ಈ ಅಂತರವು ಕ್ರಮವಾಗಿ ಕಡಿಮೆಯಾಗುತ್ತದೆ.

ಭಾರತದ ರಸ್ತೆಗಳಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಓಡಿದ ಅಂಬಾಸಿಡರ್ ಕಾರಿನಲ್ಲಿ ಈ ಪೆಟ್ಟಿಗೆಯ ಎರಡು ತಲೆಮಾರುಗಳನ್ನು ಹೋಲಿಸಿ ನೋಡಬಹುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯೇ ಅಂಬಾಸಿಡರಿಗೆ ಮಾದರಿ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿದ್ದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯು 1950ರ ದಶಕದ ಕೊನೆಯಲ್ಲಿ ಇದನ್ನು ತಯಾರಿಸತೊಡಗಿತು. ಬಹುಕಾಲ ಅದರಲ್ಲಿದ್ದುದು 1489 ಘನ ಸೆಂಟಿಮೀಟರಿನ, ಸುಮಾರು 50 ಅಶ್ವಶಕ್ತಿಯ ಪೆಟ್ರೋಲ್ ಎಂಜಿನು. ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂಬ ಹೆಸರುಗಳಿಂದ ಹೊಸ ಆವೃತ್ತಿಗಳು ಬಂದಾಗ ಮುಖದ ಜಾಲರಿಯೂ ಒಳಗಿನ ಅಲಂಕಾರವೂ ಬದಲಾದವು. ಆದರೆ ಮುಂದಕ್ಕೆ ನಾಲ್ಕು ಗಿಯರು, ಹಿಂದಕ್ಕೆ ಒಂದು ಗಿಯರು, ಚುಕ್ಕಾಣಿಯ ಕಂಬದ ಮೇಲೆ ಗಿಯರಿನ ಹಿಡಿ, ಎಂಬ ಮೂಲ ವ್ಯವಸ್ಥೆ ಹಾಗೆಯೇ ಉಳಿಯಿತು.

ಹಿಡಿಯನ್ನು ಚುಕ್ಕಾಣಿಯ ಕಂಬಕ್ಕೆ ಜೋಡಿಸಿದುದಕ್ಕೆ ಕಾರಣವಿತ್ತು. ಕಾರಿನ ನೆಲವು ಬಯಲಾಗಿದ್ದರೆ ಮುಂದುಗಡೆ ಬೆಂಚಿನಂತಹ ಒಂದೇ ಉದ್ದನೆಯ ಆಸನವನ್ನು ಹಾಕಬಹುದು. ಚಾಲಕನ ಪಕ್ಕದಲ್ಲಿ ಇಬ್ಬರು ಕುಳಿತುಕೊಳ್ಳಬಹುದು. ಮದುವೆಯ ದಿಬ್ಬಣಕ್ಕೋ ಆಸ್ಪತ್ರೆಗೋ ಹೊರಟ ದೊಡ್ಡ ಕುಟುಂಬಕ್ಕೆ ಇದು ಸಣ್ಣ ಅನುಕೂಲವಲ್ಲ. ಆದರೆ ಪೆಟ್ಟಿಗೆಯು ಎಂಜಿನಿನ ಹಿಂದೆ, ನೆಲದ ಕೆಳಗಿತ್ತು. ಹಿಡಿಯ ಚಲನೆಯು ಅಲ್ಲಿಗೆ ತಲುಪಬೇಕಾದರೆ ಸರಳುಗಳನ್ನೂ ಸಂದುಗಳನ್ನೂ ದಾಟಬೇಕಾಗಿತ್ತು. ಸಂದುಗಳು ಸವೆದಂತೆ ಹಿಡಿಯು ಸಡಿಲವಾಗುತ್ತಿತ್ತು. ಕೈಗೆ ಸರಿಯಾದ ಸ್ಥಾನವು ಸಿಕ್ಕಿದಂತೆ ತೋರಿದರೂ ಒಳಗೆ ಗಿಯರು ಬಿದ್ದಿರುತ್ತಿರಲಿಲ್ಲ. ಒಬ್ಬ ಪ್ರಯಾಣಿಕನಿಗೆ ದೊರೆತ ಸ್ಥಳಕ್ಕೆ ಚಾಲಕನ ಕೈ ಬೆಲೆ ತೆತ್ತಿತು.

ಈ ಹಳೆಯ ಪೆಟ್ಟಿಗೆಯ ಇನ್ನೊಂದು ಲಕ್ಷಣವು ಹೆಚ್ಚು ಮಹತ್ತ್ವದ್ದು. ಬೇರೆ ಬೇರೆ ವೇಗಗಳಲ್ಲಿ ತಿರುಗುತ್ತಿರುವ ಎರಡು ಹಲ್ಲುಚಕ್ರಗಳನ್ನು ಒಂದಕ್ಕೊಂದು ಒತ್ತಿದರೆ ಅವು ಕರಕರನೆ ಉಜ್ಜಿ ಹಲ್ಲು ಮುರಿದುಕೊಳ್ಳುತ್ತವೆ. ಕೂಡಿಸುವ ಮೊದಲು ಅವುಗಳ ವೇಗವನ್ನು ಸಮಗೊಳಿಸಬೇಕು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಇದಕ್ಕೊಂದು ಉಪಾಯವು ಬಳಕೆಗೆ ಬಂದಿತು. ಅದರ ಹೆಸರು ಸಿಂಕ್ರೊಮೆಶ್. ಮುಂದೆ ಸುಧಾರಿಸಿ ಬಂದ ರೂಪದಲ್ಲಿ, ಹಲ್ಲುಗಳು ಕೂಡುವ ಮುನ್ನ ಕಂಚಿನ ಅಥವಾ ಹಿತ್ತಾಳೆಯ ಬಳೆಯೊಂದು ಶಂಕುವಿನಾಕಾರದ ಮೇಲ್ಮೈಯನ್ನು ಒತ್ತಿ ಉಜ್ಜುತ್ತದೆ. ಆ ಘರ್ಷಣೆಯಿಂದ ಎರಡು ಭಾಗಗಳ ವೇಗವೂ ಒಂದಾಗುತ್ತದೆ. ಅನಂತರ ಹಲ್ಲುಗಳು ಸದ್ದಿಲ್ಲದೆ ಕೂಡಿಕೊಳ್ಳುತ್ತವೆ.

ಅಂಬಾಸಿಡರಿನ ಮೂಲ ಪೆಟ್ಟಿಗೆಯಲ್ಲಿ ಈ ಸೌಕರ್ಯವು ಎರಡು, ಮೂರು, ನಾಲ್ಕನೆಯ ಗಿಯರುಗಳಿಗೆ ಮಾತ್ರ ಇತ್ತು, ಮೊದಲನೆಯದಕ್ಕೆ ಇರಲಿಲ್ಲ. ನಿಂತ ಕಾರನ್ನು ಹೊರಡಿಸಲು ಇದರಿಂದ ತೊಂದರೆಯಿಲ್ಲ. ಆದರೆ ಆಗುಂಬೆಯಂತಹ ಘಾಟಿಯ ಕಡಿದಾದ ತಿರುವಿನಲ್ಲಿ, ಪೂರ್ತಿ ಹೊರೆ ಹೊತ್ತ ಕಾರು ಎರಡನೆಯ ಗಿಯರಿನಲ್ಲಿ ಏದುಸಿರು ಬಿಡುತ್ತಿರುವಾಗ, ಚಲಿಸುತ್ತಲೇ ಮೊದಲನೆಯದಕ್ಕೆ ಇಳಿಯಬೇಕಾದರೆ ಚಾಲಕನ ವಿದ್ಯೆಯೇ ಸಿಂಕ್ರೊಮೆಶ್ ಆಗಬೇಕಿತ್ತು. ಅವನು ಕ್ಲಚ್ಚನ್ನು ಒತ್ತಿ ಗಿಯರನ್ನು ಬಿಡಿಸಬೇಕು. ಕ್ಲಚ್ಚನ್ನು ಬಿಟ್ಟು ಎಂಜಿನಿನ ವೇಗವನ್ನು ತಕ್ಕಷ್ಟು ಏರಿಸಬೇಕು. ಮತ್ತೆ ಕ್ಲಚ್ಚನ್ನೊತ್ತಿ ಮೊದಲನೆಯ ಗಿಯರಿಗೆ ಹಾಕಬೇಕು. ಎಂಜಿನನ್ನು ಎಷ್ಟು ಏರಿಸಬೇಕೆಂಬುದನ್ನು ಹೇಳುವ ಮಾಪಕವಿರಲಿಲ್ಲ, ಕಿವಿಯೇ ಮಾಪಕ. ಇಷ್ಟೆಲ್ಲ ಒಂದೆರಡು ಗಳಿಗೆಯಲ್ಲಿ ಮುಗಿಯಬೇಕು. ತಪ್ಪಿದರೆ ಏರಿನಲ್ಲಿ ಕಾರು ನಿಂತು ಹಿಂದಕ್ಕೆ ಜಾರಬಹುದು. ಇಳಿಜಾರಿನಲ್ಲಿ ಗಿಯರು ಬೀಳದೆ ಹೋದರೆ ಎಂಜಿನಿನ ಹಿಡಿತವು ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಹೀಗೆ ಕುಳಿತವರ ಪ್ರಾಣವು ಚಾಲಕನ ಕಿವಿಯನ್ನೂ ಪಾದವನ್ನೂ ಅವಲಂಬಿಸಿತ್ತು.

ಇಂತಹ ವ್ಯವಸ್ಥೆ ಇಷ್ಟು ದೀರ್ಘಕಾಲ ಹೇಗೆ ಉಳಿಯಿತು? ಆಗ ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಕಾರನ್ನು ತಯಾರಿಸುವಂತಿರಲಿಲ್ಲ, ತಯಾರಕರು ಬೆರಳೆಣಿಕೆಯಷ್ಟಿದ್ದರು. ಕೊಳ್ಳುವವರಿಗೆ ಆಯ್ಕೆಯಿಲ್ಲದಿರುವಾಗ ಮಾರುವವರಿಗೆ ಬದಲಾವಣೆಯ ಅವಸರವಿರುವುದಿಲ್ಲ. ಇದರ ಇನ್ನೊಂದು ಮುಖವೂ ಉಂಟು. ವರ್ಷಗಟ್ಟಲೆ ಬದಲಾಗದ ಪೆಟ್ಟಿಗೆಯನ್ನು ಸಣ್ಣ ಊರಿನ ಮೆಕ್ಯಾನಿಕನೂ ಅಂಗೈಯ ರೇಖೆಯಂತೆ ಬಲ್ಲವನಾಗಿದ್ದನು. 1983ರಲ್ಲಿ ಮಾರುತಿ 800 ಬಂದ ಮೇಲೆ ನೆಲದ ಮೇಲಿನ ಹಿಡಿಯೂ ಹಗುರವಾದ ಗಿಯರೂ ಜನಸಾಮಾನ್ಯರಿಗೆ ಪರಿಚಿತವಾದವು. ಹಳೆಯದರ ಕೊರತೆಗಳು ಆಗ ಎದ್ದು ಕಂಡವು.

1990ರ ದಶಕದ ಆರಂಭದಲ್ಲಿ ಅಂಬಾಸಿಡರ್ 1800 ಐಎಸ್‌ಜಡ್ ಬಂದಿತು. ಇದರಲ್ಲಿ ಜಪಾನಿನ ಇಸುಜು ಸಂಸ್ಥೆಯ ವಿನ್ಯಾಸದ 1817 ಘನ ಸೆಂಟಿಮೀಟರಿನ ಎಂಜಿನೂ, ಐದು ಗಿಯರುಗಳ ಪೆಟ್ಟಿಗೆಯೂ ಇದ್ದವು. ಅಶ್ವಶಕ್ತಿಯು ಸುಮಾರು 75ಕ್ಕೆ ಏರಿತು. ಗಿಯರಿನ ಹಿಡಿಯು ಕಂಬದಿಂದ ಇಳಿದು ನೆಲಕ್ಕೆ ಬಂದಿತು. ಹಿಡಿಗೂ ಪೆಟ್ಟಿಗೆಗೂ ನಡುವಣ ದೂರವು ಕಡಿಮೆಯಾದುದರಿಂದ ಗಿಯರು ಬಿದ್ದುದು ಕೈಗೆ ಸ್ಪಷ್ಟವಾಗಿ ತಿಳಿಯುವಂತಾಯಿತು. ಆದರೆ ಮುಂದಿನ ಆಸನದ ನಡುವೆ ಕುಳಿತುಕೊಳ್ಳುತ್ತಿದ್ದ ಮೂರನೆಯವನು ಸ್ಥಾನವನ್ನು ಕಳೆದುಕೊಂಡನು.

ಐದನೆಯ ಗಿಯರಿನ ಪ್ರಯೋಜನವನ್ನು ಸರಿಯಾಗಿ ಅರಿಯಬೇಕು. ಹಳೆಯ ಪೆಟ್ಟಿಗೆಯ ನಾಲ್ಕನೆಯ ಗಿಯರಿನಲ್ಲಿ ಎಂಜಿನು ಒಂದು ಸುತ್ತು ತಿರುಗಿದರೆ ಪೆಟ್ಟಿಗೆಯಿಂದ ಹೊರಡುವ ದಂಡವೂ ಒಂದೇ ಸುತ್ತು ತಿರುಗುತ್ತಿತ್ತು. ಐದನೆಯದರಲ್ಲಾದರೋ ಆ ದಂಡವು ಎಂಜಿನಿಗಿಂತ ಸ್ವಲ್ಪ ಹೆಚ್ಚು ವೇಗವಾಗಿ ತಿರುಗುತ್ತದೆ. ಆದ್ದರಿಂದ ಹೆದ್ದಾರಿಯಲ್ಲಿ ಅದೇ ವೇಗದಿಂದ ಸಾಗಲು ಎಂಜಿನು ಕಡಿಮೆ ಸುತ್ತು ತಿರುಗಿದರೆ ಸಾಕು. ಸದ್ದೂ ಸವೆತವೂ ಇಂಧನದ ವೆಚ್ಚವೂ ತಗ್ಗುತ್ತವೆ. ಆದರೆ ರಾಟೆಯ ಕದಿರಿನಂತೆ ಇಲ್ಲಿಯೂ ಬಲವು ಕುಗ್ಗುತ್ತದೆ. ಏರು ಎದುರಾದರೆ ನಾಲ್ಕನೆಯದಕ್ಕೋ ಮೂರನೆಯದಕ್ಕೋ ಇಳಿಯಲೇಬೇಕು. ಹೊಸ ಗಿಯರು ಕಾರಿಗೆ ಹೊಸ ಶಕ್ತಿಯನ್ನು ಕೊಡಲಿಲ್ಲ. ಇದ್ದ ಶಕ್ತಿಯನ್ನು ಮಿತವಾಗಿ ಬಳಸುವ ದಾರಿಯನ್ನು ತೋರಿತು.

ಎರಡು ಪೆಟ್ಟಿಗೆಗಳಲ್ಲಿ ಯಾವುದು ಮೇಲು? ಪಟ್ಟಣದ ದಟ್ಟಣೆಯಲ್ಲಿ ಬಾಡಿಗೆ ಕಾರನ್ನು ನಡೆಸುವವನು ದಿನಕ್ಕೆ ನೂರಾರು ಸಲ ಗಿಯರನ್ನು ಬದಲಿಸುತ್ತಾನೆ. ಅವನ ಭುಜಕ್ಕೂ ಮೊಣಕಾಲಿಗೂ ಆಗುವ ದಣಿವನ್ನು ನೆನೆದರೆ ಹೊಸದೇ ಮೇಲೆಂದು ಒಪ್ಪಬೇಕಾಗುತ್ತದೆ. ಮನುಷ್ಯನು ಹೊರುತ್ತಿದ್ದ ಹೊರೆಯನ್ನು ಯಂತ್ರವು ಹೊರುವುದು ತಕ್ಕದ್ದೇ. ಆದರೆ ಸಹಾಯವಿಲ್ಲದ ಗಿಯರನ್ನು ಸದ್ದಾಗದಂತೆ ಹಾಕುತ್ತಿದ್ದ ಚಾಲಕನ ನೈಪುಣ್ಯವನ್ನು ಕೀಳೆಂದು ತಿಳಿಯಬಾರದು. ಪಾಠಶಾಲೆಯಲ್ಲಿ ಕಲಿಯದಿದ್ದರೂ ಅದು ಒಂದು ವಿದ್ಯೆಯೇ.

2014ರಲ್ಲಿ ಉತ್ತರಪಾರಾದಲ್ಲಿ ಅಂಬಾಸಿಡರಿನ ತಯಾರಿಕೆಯು ನಿಂತಿತು. ಇಂದು ಗಿಯರನ್ನು ತಾನಾಗಿಯೇ ಬದಲಿಸಿಕೊಳ್ಳುವ ಕಾರುಗಳು ಬಂದಿವೆ. ವಿದ್ಯುತ್ತಿನ ಕಾರುಗಳಲ್ಲಿ ಬಹುಪಾಲು ಬದಲಿಸುವ ಗಿಯರೇ ಇಲ್ಲ. ಅವುಗಳ ಮೋಟಾರು ನಿಂತ ಸ್ಥಿತಿಯಿಂದಲೇ ಪೂರ್ಣ ಬಲವನ್ನು ಕೊಡಬಲ್ಲದು. ಆದರೂ ಮೋಟಾರಿಗೂ ಗಾಲಿಗೂ ನಡುವೆ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಹಲ್ಲುಚಕ್ರಗಳು ಅಲ್ಲಿಯೂ ಇವೆ. ಆ ಲೆಕ್ಕವನ್ನು ನಡೆಸುವ ಹೊಣೆಯು ಚಾಲಕನ ಕೈಯಿಂದ ಯಂತ್ರಕ್ಕೆ ದಾಟಿದೆ; ಕೊಟ್ಟು ಕೊಳ್ಳುವ ನಿಯಮ ಮಾತ್ರ ಹಾಗೆಯೇ ಉಳಿದಿದೆ.